ಒಪ್ಪಿಕೊಂಡ ಹುಡುಗನ ಹೆಸರನ್ನು ರಿಪೋರ್ಟಿನಲ್ಲಿ ಬರೆದವನು ನಾನೇ

ತೀರ್ಥಹಳ್ಳಿ ಪೈಲಟ್

ಎಲ್ಲರಿಗೂ ನಮಸ್ಕಾರ. ನನ್ನ ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಸಣ್ಣ ಊರುಗಳ ನಡುವೆ ಓಡುವ ವಿಮಾನಗಳಲ್ಲೇ ನನ್ನ ಕೆಲಸ. ಮೊದಲು ಪ್ರೊಪೆಲ್ಲರ್ ಇರುವ ಎಟಿಆರ್, ಈಗ ಎಂಬ್ರೇಯರ್ ಜೆಟ್. 2023ರ ಫೆಬ್ರವರಿಯಲ್ಲಿ ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಎಟಿಆರ್ ಬಂದಿಳಿಯಿತು. ಆವತ್ತಿನಿಂದ ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ಈ ಸಣ್ಣ ವಿಮಾನ ಸೇಫಾ ಮಾರಾಯ?" ಹೌದು ಅನ್ನುತ್ತೇನೆ. ನಂಬಿಯೇ ಹೇಳುತ್ತೇನೆ. ಆದರೆ ಹಾಗೆ ಹೇಳುವಾಗಲೆಲ್ಲ ಒಬ್ಬ ಹುಡುಗನ ಮುಖ ನೆನಪಾಗುತ್ತದೆ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ನಾನಾಗ ಕೋಪೈಲಟ್. ಬೇರೆ ರಾಜ್ಯದ ಒಂದು ಪುಟ್ಟ ನಿಲ್ದಾಣ. ಮಳೆಗಾಲದ ಸಂಜೆ, ದಿನದ ಕೊನೆಯ ಹಾರಾಟ. ಹೊರಡುವ ಮುಂಚೆ ವಿಮಾನದ ಸುತ್ತ ನಡೆದು ನೋಡುವುದು ನಮ್ಮ ಕೆಲಸ, ವಾಕ್‌ಅರೌಂಡ್ ಅನ್ನುತ್ತೇವೆ. ಕಾರ್ಗೋ ಬಾಗಿಲಿನ ಕೆಳಗೆ ಟಾರ್ಚ್ ಬಿಟ್ಟಾಗ ಒಂದು ಕಡೆ ಬೆಳಕು ಓರೆಯಾಗಿ ಕಂಡಿತು. ಕೈ ಆಡಿಸಿದೆ. ಅಂಗೈ ಅಗಲದ ತಗ್ಗು. ಅಂಚಿನಲ್ಲಿ ಬಣ್ಣ ಎದ್ದಿತ್ತು. ಮಧ್ಯಾಹ್ನ ನಾನೇ ನೋಡಿದ್ದೆ, ಆಗ ಅದು ಇರಲಿಲ್ಲ.

ಅಲ್ಲೇ ನಿಂತಿದ್ದ ನಾಲ್ಕೈದು ಜನರನ್ನು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಕ್ಯಾಪ್ಟನ್ ಬಂದು ನೋಡಿದರು, ಎಂಜಿನಿಯರ್ ನೋಡದೆ ಹೊರಡುವುದಿಲ್ಲ ಅಂದರು. ಎಂಜಿನಿಯರ್ ಬರಬೇಕಾದ್ದು ಇನ್ನೊಂದು ಊರಿನಿಂದ. ಒಳಗೆ ಅರವತ್ತು ಚಿಲ್ಲರೆ ಜನ ಬೋರ್ಡಿಂಗ್ ಪಾಸ್ ಹಿಡಿದು ಕೂತಿದ್ದರು. ಗಲಾಟೆ ಶುರುವಾಯಿತು. ಆಗ ಲಗೇಜ್ ಹಾಕುವ ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೊಂದು ಇರಬಹುದು, ನನ್ನನ್ನು ಪಕ್ಕಕ್ಕೆ ಕರೆದ. "ಸರ್, ನಾನೇ. ಲಗೇಜ್ ಏರಿಸುವ ಗಾಡಿ, ಬೆಲ್ಟ್ ಲೋಡರ್ ತಾಗಿತು. ನೆಲ ಒದ್ದೆಯಿತ್ತು, ಬ್ರೇಕ್ ಹಿಡಿದರೂ ಜಾರಿತು. ಸ್ವಲ್ಪ ತಾನೇ ಅಂತ ಸುಮ್ನೆ ಇದ್ದೆ" ಅಂದ. ಕೈ ನಡುಗುತ್ತಿತ್ತು.

ಒಳ್ಳೆಯ ಕೆಲಸ ಮಾಡಿದೆ ಅಂತ ಬೆನ್ನು ತಟ್ಟಿದೆ. ಆಮೇಲೆ ರಿಪೋರ್ಟ್ ಬರೆಯಲು ಕೂತೆ. ಹೇಗಾಯಿತು, ಯಾರಿಂದ ಆಯಿತು ಎಂದು ಅದರಲ್ಲಿ ಕೇಳಿತ್ತು. ಅವನ ಹೆಸರು ಬರೆದೆ. ಅವನಿಗೆ ಸಂಬಳ ಕೊಡುತ್ತಿದ್ದ ಗುತ್ತಿಗೆದಾರ ಮೂರನೇ ದಿನ ಅವನನ್ನು ಕೆಲಸದಿಂದ ತೆಗೆದ.

ಅದಾದ ಮೇಲೆ ಆರು ತಿಂಗಳು ಅದೇ ನಿಲ್ದಾಣಕ್ಕೆ ಹೋಗಿ ಬಂದಿದ್ದೇನೆ. ಗೀರು ನೋಡಿದ್ದೇನೆ, ಸಣ್ಣ ತಗ್ಗು ನೋಡಿದ್ದೇನೆ. "ಇದು ನನ್ನಿಂದ ಆಯಿತು" ಅಂತ ಒಬ್ಬನೂ ಬರಲಿಲ್ಲ. ಅವರೆಲ್ಲ ಪಾಠ ಕಲಿತಿದ್ದರು. ಕಲಿಸಿದವನು ನಾನು.

ಇಲ್ಲಿ ವಿಮಾನದ ಕೆಲಸದಲ್ಲಿರುವ ನಮ್ಮ ಕಡೆಯವರು ಸುಮಾರು ಜನ ಇದ್ದೀರಿ. ಆವತ್ತು ನಾನು ಏನು ಮಾಡಬೇಕಿತ್ತು? ನಿಜವಾಗಿಯೂ ಕೇಳುತ್ತಿದ್ದೇನೆ.

ಹೊಸನಗರ ಮೇಷ್ಟ್ರು

ಕ್ಯಾಪ್ಟನ್ ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಒಳಗೆ ಕೂತಿದ್ದವರ ಕಡೆಯಿಂದಲೂ ಒಂದು ಮಾತು. ಮಗಳ ಹೆರಿಗೆಗೆ ಅಂತ ನಾನು, ನನ್ನ ಹೆಂಡತಿ ಹೈದರಾಬಾದಿಗೆ ಟಿಕೆಟ್ ಮಾಡಿಸಿದ್ದೆವು. ಬೆಳಗಿನ ಜಾವ ಎದ್ದು ಟ್ಯಾಕ್ಸಿ ಮಾಡಿಕೊಂಡು ಸೋಗಾನೆಗೆ ಬಂದೆವು. ಎರಡು ಗಂಟೆ ಕೂರಿಸಿ ಕೊನೆಗೆ "ತಾಂತ್ರಿಕ ಕಾರಣ, ರದ್ದು" ಅಂದರು. ಏನು ಕಾರಣ ಎಂದು ಕೇಳಿದರೆ ಕೌಂಟರಿನ ಹುಡುಗಿಗೂ ಗೊತ್ತಿಲ್ಲ, ಪಾಪ. ಮೊಮ್ಮಗು ಹುಟ್ಟಿದಾಗ ನಾವು ರೈಲಿನಲ್ಲಿದ್ದೆವು.

ಇನ್ನೊಂದು. ಆಗುಂಬೆ, ಹುಲಿಕಲ್ ಘಾಟಿಯಲ್ಲಿ ಓಡುವ ಬಸ್ಸುಗಳ ಮೈ ನೋಡಿದ್ದೀರಲ್ಲ, ತಗ್ಗಿಲ್ಲದ ಜಾಗ ಹುಡುಕಬೇಕು. ಆದರೂ ದಿನಾ ಓಡುತ್ತವೆ. ಅಂಗೈ ಅಗಲದ ತಗ್ಗಿಗೆ ವಿಮಾನವನ್ನೇ ನಿಲ್ಲಿಸಬೇಕಾ? ಗೊತ್ತಿಲ್ಲದೆ ಕೇಳುತ್ತಿದ್ದೇನೆ, ತಿಳಿಸಿಕೊಡಿ.

ಭದ್ರಾವತಿ ಹ್ಯಾಂಗರ್

ಮೇಷ್ಟ್ರೇ, ನಾನು ವಿಮಾನ ರಿಪೇರಿ ಮಾಡುವ ಎಂಜಿನಿಯರ್. ಮೊಮ್ಮಗು ಹುಟ್ಟುವಾಗ ಹತ್ತಿರ ಇರಲಾಗಲಿಲ್ಲ ಎಂದು ಓದಿ ನಿಜಕ್ಕೂ ಬೇಜಾರಾಯಿತು. ಕಾರಣವನ್ನಾದರೂ ಬಾಯಿ ಬಿಟ್ಟು ಹೇಳಬೇಕಿತ್ತು.

ಬಸ್ಸಿನ ತಗಡಿಗೆ ಮಳೆ, ಬಿಸಿಲು ತಡೆಯುವುದಷ್ಟೇ ಕೆಲಸ. ಭಾರ ಹೊರುವುದು ಕೆಳಗಿನ ಚಾಸಿ. ವಿಮಾನದಲ್ಲಿ ಹಾಗಲ್ಲ. ಹೊರಗಿನ ತಗಡು, ಅದಕ್ಕೆ ಒಳಗಿಂದ ರಿವೆಟ್ ಹೊಡೆದ ಉದ್ದ ಪಟ್ಟಿಗಳು, ಅಡ್ಡ ಚೌಕಟ್ಟು ಎಲ್ಲ ಸೇರಿಯೇ ಭಾರ ಹೊರುತ್ತವೆ. ಆ ತಗಡು ಕೆಲವು ಕಡೆ ಬರೀ ಒಂದು ಮಿಲಿಮೀಟರ್ ಆಸುಪಾಸು ದಪ್ಪ. ಮೇಲೆ ಹೋದಾಗ ಹೊರಗೆ ಗಾಳಿ ತೆಳು, ಒಳಗೆ ನಮಗೆ ಉಸಿರಾಡಲು ಒತ್ತಡ ಇರಬೇಕು. ಎಂಬ್ರೇಯರ್‌ನಂಥ ಜೆಟ್ ಪೂರ್ತಿ ಎತ್ತರದಲ್ಲಿದ್ದಾಗ ಒಂದೊಂದು ಚದರ ಮೀಟರ್ ಮೈ ಮೇಲೂ ಒಳಗಿನಿಂದ ಐದು ಟನ್‌ಗಿಂತ ಜಾಸ್ತಿ ಒತ್ತಡ ಬೀಳುತ್ತದೆ. ಇಳಿದಾಗ ಆ ಒತ್ತಡ ಇಲ್ಲ. ಪ್ರತಿ ಹಾರಾಟಕ್ಕೂ ಮೈ ಒಂದು ಸಲ ಉಬ್ಬುತ್ತದೆ, ಒಂದು ಸಲ ಕುಗ್ಗುತ್ತದೆ. ಕಟ್ಟುವ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಕೊನೆಗೆ ಪಟ್ ಅಂತ ಮುರಿಯುತ್ತದಲ್ಲ, ಅದೇ ಲೆಕ್ಕ. ದೂರ ದೇಶಕ್ಕೆ ಹೋಗುವ ವಿಮಾನ ದಿನಕ್ಕೆ ಒಂದೆರಡು ಸಲ ಉಬ್ಬಿ ಕುಗ್ಗಿದರೆ, ನಮ್ಮ ಸಣ್ಣ ಊರಿನ ವಿಮಾನ ಆರೆಂಟು ಸಲ.

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳಲ್ಲಿ ಆದದ್ದು ನಮಗೆಲ್ಲ ಪಾಠದಲ್ಲಿ ಬರುತ್ತದೆ. ಅಲೋಹಾ ಕಂಪನಿಯ ಬೋಯಿಂಗ್ 737. ದ್ವೀಪದಿಂದ ದ್ವೀಪಕ್ಕೆ ಹಾರುತ್ತ 89,680 ಹಾರಾಟ ಮುಗಿಸಿತ್ತು. 24,000 ಅಡಿಯಲ್ಲಿ ಮುಂಭಾಗದ ಚಾವಣಿಯೇ ಕಿತ್ತು ಹೋಯಿತು. ಗಗನಸಖಿ ಒಬ್ಬರು ಹೊರಗೆ ಸೆಳೆದು ಹೋದರು, ಮತ್ತೆ ಸಿಗಲಿಲ್ಲ. ಉಳಿದವರನ್ನು ಪೈಲಟ್‌ಗಳು ಇಳಿಸಿದರು. ಆಮೇಲೆ ವಿಚಾರಣೆಯಲ್ಲಿ ಗೊತ್ತಾಗಿದ್ದೇನೆಂದರೆ, ಹತ್ತುವಾಗಲೇ ಒಬ್ಬ ಪ್ರಯಾಣಿಕರಿಗೆ ಬಾಗಿಲ ಹತ್ತಿರ ಬಿರುಕು ಕಂಡಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ಜನ ತಿಳಿದವರು ಓಡಾಡುತ್ತಿದ್ದಾರೆ, ನನಗೇನು ಗೊತ್ತು ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ?

ತಗ್ಗು ಕಂಡರೆ ಅದರ ಉದ್ದ, ಅಗಲ, ಆಳ ಅಳೆಯುತ್ತೇವೆ. ರಿವೆಟ್ ಸಾಲಿಗೆ ಎಷ್ಟು ಹತ್ತಿರ ಇದೆ, ಅಂಚು ನುಣುಪಾಗಿದೆಯಾ ಚೂಪಾಗಿದೆಯಾ ನೋಡುತ್ತೇವೆ. ತಯಾರಕರ ಪುಸ್ತಕದಲ್ಲಿ ಪ್ರತಿ ಜಾಗಕ್ಕೂ ಮಿತಿ ಇದೆ. ಮಿತಿಯೊಳಗಿದ್ದರೆ ದಾಖಲಿಸಿ ಬಿಡುತ್ತೇವೆ. ಪ್ರತಿ ವಿಮಾನಕ್ಕೂ ಅದರ ತಗ್ಗು ಗೀರುಗಳ ನಕ್ಷೆಯೇ ಇರುತ್ತದೆ. ಹೊಸ ತಗ್ಗು ಆ ನಕ್ಷೆಯಲ್ಲಿ ಇಲ್ಲದಿದ್ದರೆ ಯಾವಾಗ ಆಯಿತು, ಏನು ತಾಗಿತು, ಎಷ್ಟು ಜೋರಾಗಿ ತಾಗಿತು, ಯಾವುದೂ ನನಗೆ ಗೊತ್ತಾಗುವುದಿಲ್ಲ. ತಾಗಿಸಿದವನು ಒಂದು ಮಾತು ಹೇಳಿದರೆ ಎಲ್ಲಿ ಬಿಚ್ಚಿ ನೋಡಬೇಕು ಅಂತ ತಿಳಿಯುತ್ತದೆ.

ಕ್ಯಾಪ್ಟನ್, ಆವತ್ತು ಒಳಗಡೆ ಬಿಚ್ಚಿದಾಗ ಏನು ಸಿಕ್ಕಿತು?

ತೀರ್ಥಹಳ್ಳಿ ಪೈಲಟ್

ಮೇಡಂ, ತಗ್ಗಿನ ಹಿಂದಿನ ಸ್ಟ್ರಿಂಗರ್, ಅಂದರೆ ನೀವು ಹೇಳಿದ ಆ ಉದ್ದ ಪಟ್ಟಿ, ಬಿರುಕು ಬಿಟ್ಟಿತ್ತು. ನನಗೂ ಅದು ಗೊತ್ತಾಗಿದ್ದು ವಾರದ ಮೇಲೆ, ಎಂಜಿನಿಯರ್ ಒಬ್ಬರು ಕ್ಯಾಂಟೀನಿನಲ್ಲಿ ಸಿಕ್ಕಾಗ.

ಭದ್ರಾವತಿ ಹ್ಯಾಂಗರ್

ಹೊರಗೆ ಅಂಗೈ ಅಗಲ, ಒಳಗೆ ಬಿರುಕು. ಮೇಷ್ಟ್ರಿಗೆ ಇದೇ ಉತ್ತರ.

ಕೋಪೈಲಟ್ ಶಿಕಾರಿಪುರ

ಇದೇ ತರಹದ ಘಟನೆ ಅಮೆರಿಕದ ಸಿಯಾಟಲ್‌ನಲ್ಲಿ ಆಗಿದೆ. 2005ರ ಡಿಸೆಂಬರ್ 26. ಅಲಾಸ್ಕಾ ಏರ್‌ಲೈನ್ಸಿನ ಎಂಡಿ 83 ವಿಮಾನ. ಲಗೇಜ್ ಕೆಲಸದವನ ಗಾಡಿ ವಿಮಾನಕ್ಕೆ ಉಜ್ಜಿತ್ತು. ಅವನು ಹೇಳಲಿಲ್ಲ. ವಿಮಾನ ಹೊರಟು ಸುಮಾರು 26,000 ಅಡಿ ಏರಿದಾಗ ಅದೇ ಜಾಗ ಹರಿದು ಒಂದಡಿ ಉದ್ದ, ಅರ್ಧ ಅಡಿ ಅಗಲದ ತೂತು. ಒಳಗಿನ ಗಾಳಿ ಹೊರಗೆ ಹೋಯಿತು, ಆಕ್ಸಿಜನ್ ಮಾಸ್ಕ್ ಬಿದ್ದವು. ಪೈಲಟ್‌ಗಳು ವಾಪಸ್ ತಂದು ಇಳಿಸಿದರು, ಎಲ್ಲರೂ ಉಳಿದರು. ಮೊದಲೇ ಹೇಳಿದ್ದರೆ ಒಂದು ಹಾರಾಟ ತಡವಾಗುತ್ತಿತ್ತು, ಅಷ್ಟೇ.

ರ‍್ಯಾಂಪ್ ಹುಡುಗ

ಸರ್, ಮೇಡಂ, ನಮಸ್ಕಾರ. ನಾನು ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ನಾನು ವಿಮಾನಕ್ಕೆ ಲಗೇಜ್ ಹಾಕುವ ಇದೇ ಕೆಲಸದಲ್ಲಿ ಐದು ವರ್ಷದಿಂದ ಇದ್ದೇನೆ. ಯಾವ ನಿಲ್ದಾಣ ಅಂತ ಹೇಳುವುದಿಲ್ಲ.

"ಅವನು ಹೇಳಲಿಲ್ಲ" ಅಂತ ಎಲ್ಲರೂ ಬರೆಯುತ್ತಾರೆ. ಅವನ ಜಾಗದಲ್ಲಿ ನಿಂತು ನೋಡಿ ಸರ್. ವಿಮಾನ ಬಂದು ಅರ್ಧ ಗಂಟೆಯೊಳಗೆ ವಾಪಸ್ ಹೊರಡಬೇಕು. ಅಷ್ಟರಲ್ಲಿ ಲಗೇಜ್ ಇಳಿಸಬೇಕು, ಹೊಸದು ಹಾಕಬೇಕು, ಕಸ ತೆಗೆಯಬೇಕು, ವೀಲ್‌ಚೇರಿನವರನ್ನು ಹತ್ತಿಸಬೇಕು. ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ. ಅಡ್ಡ ಗಾಳಿಗೆ ರೈನ್‌ಕೋಟಿನ ಟೋಪಿ ಕಣ್ಣಿಗೆ ಬರುತ್ತದೆ. ಕನ್ನಡಿಯಲ್ಲಿ ನೀರು. ಗಾಡಿ ಹಿಂದಕ್ಕೆ ತೆಗೆಯುವಾಗ ಕೈ ತೋರಿಸಲು ಒಬ್ಬ ನಿಂತಿರಬೇಕು ಅಂತ ನಿಯಮ ಇದೆ. ಜನ ಕಡಿಮೆ ಇದ್ದ ದಿನ ಅವನೂ ಲಗೇಜ್ ಎತ್ತುತ್ತಿರುತ್ತಾನೆ.

ನನ್ನಿಂದಲೂ ಒಂದು ಸಲ ಆಗಿದೆ. ಏಣಿಯ ರಬ್ಬರ್ ಕಿತ್ತುಹೋಗಿತ್ತು, ಬರೀ ಕಬ್ಬಿಣ ಬಾಗಿಲ ಅಂಚಿಗೆ ತಾಗಿತು. ರಬ್ಬರ್ ಹಾಕಿಸಿಕೊಡಿ ಅಂತ ಎರಡು ವಾರದಿಂದ ಕೇಳುತ್ತಿದ್ದೆ. ತಾಗಿದ ತಕ್ಷಣ ಮೇಲಿನವರಿಗೆ ಹೇಳಿದೆ. ಅವರು ಮೊದಲು ಕೇಳಿದ್ದು "ಯಾರಾದರೂ ನೋಡಿದರಾ?" ಅಂತ. ನಾನು ಹೋಗಿ ಪೈಲಟ್‌ಗೆ ಹೇಳಿದೆ. ಎಂಜಿನಿಯರ್ ನೋಡಿ ಪರವಾಗಿಲ್ಲ ಅಂದರು, ವಿಮಾನ ಹೋಯಿತು. ನನಗೆ ಮೂರು ದಿನದ ಸಂಬಳ ಕಟ್. ರಬ್ಬರ್ ಮಾತ್ರ ಇನ್ನೂ ಒಂದು ತಿಂಗಳು ಬರಲಿಲ್ಲ.

ಮುಂದಿನ ಸಲವೂ ಹೇಳುತ್ತೇನೆ. ವಿಮಾನದಲ್ಲಿ ಇರುವವರು ನಮ್ಮ ಜನವೇ. ಆದರೆ ನನ್ನ ಜೊತೆಯವನೊಬ್ಬ, ಮನೆ ಸಾಲ ಇದೆ, ತಂಗಿ ಮದುವೆ ಇದೆ, ಅವನು ಹೇಳುತ್ತಾನಾ ಅಂದರೆ ನನಗೆ ಅನುಮಾನ. ಅವನು ಕೆಟ್ಟವನಲ್ಲ ಸರ್.

ಪೈಲಟ್ ಸರ್ ಹತ್ತಿರ ಒಂದು ಪ್ರಶ್ನೆ. ಆ ಹುಡುಗನನ್ನು ಆಮೇಲೆ ಮಾತಾಡಿಸಿದಿರಾ?

ತೀರ್ಥಹಳ್ಳಿ ಪೈಲಟ್

ಇಲ್ಲ ತಮ್ಮ. ಮಾತಾಡಿಸಲಿಲ್ಲ.

ಸಾಗರದಿಂದ ಡಲ್ಲಾಸ್

ತಡವಾಗಿ ಓದುತ್ತಿದ್ದೇನೆ, ಇಲ್ಲಿ ಈಗ ಬೆಳಗಾಯಿತು. ನಾನು ಅಮೆರಿಕದಲ್ಲಿ ಐವತ್ತು ಸೀಟಿನ ಸಿಆರ್‌ಜೆ ಜೆಟ್ ಹಾರಿಸುತ್ತಿದ್ದವನು. ಎಲ್ಲರೂ ಕೆಳಗಿನ ಹುಡುಗರ ಬಗ್ಗೆಯೇ ಮಾತಾಡುತ್ತಿದ್ದೇವೆ. ಮುಚ್ಚಿಡುವುದರಲ್ಲಿ ನಾವು ಪೈಲಟ್‌ಗಳೇನೂ ಕಡಿಮೆ ಇಲ್ಲ.

2004ರ ಅಕ್ಟೋಬರ್ 14. ಪಿನಾಕಲ್ ಕಂಪನಿಯ ಸಿಆರ್‌ಜೆ 200. ಪ್ರಯಾಣಿಕರಿಲ್ಲ, ಇಬ್ಬರು ಪೈಲಟ್‌ಗಳು ಖಾಲಿ ವಿಮಾನವನ್ನು ರಾತ್ರಿ ಇನ್ನೊಂದು ಊರಿಗೆ ಒಯ್ಯುತ್ತಿದ್ದರು. ಆ ವಿಮಾನ ಏರಬಹುದಾದ ಗರಿಷ್ಠ ಎತ್ತರ 41,000 ಅಡಿ. ಅಲ್ಲಿಗೆ ಮುಟ್ಟಿ ನೋಡುವ ಆಸೆ. ಏರಿದರು. ವೇಗ ಕುಸಿಯಿತು, ರೆಕ್ಕೆಗೆ ಎತ್ತಿ ಹಿಡಿಯುವ ಬಲ ಸಾಲದೆ ವಿಮಾನ ಸ್ಟಾಲ್ ಆಯಿತು, ಎರಡೂ ಎಂಜಿನ್ ನಿಂತವು. ಇಲ್ಲಿಯವರೆಗೂ ಆದದ್ದು ಹುಡುಗಾಟ. ಇದರ ಮುಂದಿನದು ನನ್ನನ್ನು ಇವತ್ತಿಗೂ ಕಾಡುತ್ತದೆ. ಕೆಳಗಿನ ಕಂಟ್ರೋಲರ್ ಹತ್ತಿರ ಅವರು ಒಂದು ಎಂಜಿನ್ ಹೋಗಿದೆ ಅಂತ ಮಾತ್ರ ಹೇಳಿದರು. ಎರಡೂ ಹೋಗಿದೆ ಅಂತ ಬಾಯಿ ಬಿಡುವಷ್ಟರಲ್ಲಿ ಎತ್ತರ ಕರಗಿತ್ತು. ಮೊದಲೇ ಹೇಳಿದ್ದರೆ ತಲುಪಬಹುದಾದ ರನ್‌ವೇಗಳಿದ್ದವು. ಮಿಸ್ಸೌರಿಯ ಜೆಫರ್ಸನ್ ಸಿಟಿ ನಿಲ್ದಾಣಕ್ಕೆ ಎರಡೂವರೆ ಮೈಲಿ ಇರುವಾಗ ಬಿದ್ದರು. ಇಬ್ಬರೂ ಹೋದರು.

ಅವರು ಯಾಕೆ ಹೇಳಲಿಲ್ಲ ಅಂತ ತುಂಬ ಯೋಚಿಸಿದ್ದೇನೆ. ಎಂಜಿನ್ ಹೇಗಾದರೂ ಸ್ಟಾರ್ಟ್ ಆದರೆ ಯಾರಿಗೂ ಗೊತ್ತಾಗದೆ ಮುಗಿಯುತ್ತದೆ ಅಂತ ಅಂದುಕೊಂಡಿರಬೇಕು. ಬೈಗುಳದ ಭಯ ಸಾವಿನ ಭಯಕ್ಕಿಂತ ಹತ್ತಿರ ನಿಂತಿತ್ತು ಅಂತ ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ ಒಂದು ಒಳ್ಳೆಯ ಏರ್ಪಾಟೂ ಇದೆ. ಅದಕ್ಕೂ ತೆತ್ತ ಬೆಲೆ ದೊಡ್ಡದು. 1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ ಕಂಪನಿಯ 514 ನಂಬರಿನ ವಿಮಾನ ವಾಷಿಂಗ್ಟನ್ ಹತ್ತಿರ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ನಕ್ಷೆಯಲ್ಲಿ, ಕಂಟ್ರೋಲರ್ ಮಾತಿನಲ್ಲಿ ಗೊಂದಲ ಇತ್ತು. ಅದಕ್ಕೆ ಆರು ವಾರ ಮುಂಚೆ ಇನ್ನೊಂದು ಕಂಪನಿಯ ವಿಮಾನ ಅದೇ ಬೆಟ್ಟದ ಮೇಲೆ ಸ್ವಲ್ಪದರಲ್ಲಿ ಪಾರಾಗಿತ್ತು. ಆ ಪೈಲಟ್‌ಗಳು ತಮ್ಮ ಕಂಪನಿಯೊಳಗೆ ಹೇಳಿದ್ದರು. ಆ ಮಾತು ಉಳಿದ ಕಂಪನಿಗಳ ಕಿವಿಗೆ ಬೀಳಲಿಲ್ಲ. ಇದಾದ ಮೇಲೆ 1976ರಲ್ಲಿ ಎಲ್ಲರೂ ತಮ್ಮ ತಪ್ಪನ್ನು ಬರೆದು ಕಳಿಸಬಹುದಾದ ವ್ಯವಸ್ಥೆ ಶುರುವಾಯಿತು. ಅದನ್ನು ನಡೆಸಲು ಕೊಟ್ಟಿದ್ದು ನಾಸಾಕ್ಕೆ. ದಂಡ ಹಾಕುವವರ ಕೈಗೇ ತಪ್ಪೊಪ್ಪಿಗೆ ಕೊಡಲು ಯಾರೂ ಮುಂದೆ ಬರುವುದಿಲ್ಲ ಅಂತ ಅರ್ಥವಾಗಿತ್ತು. ಹೆಸರು ತೆಗೆದುಹಾಕುತ್ತಾರೆ. ಬೇಕಂತಲೇ ಮಾಡಿರದ ತಪ್ಪನ್ನು ಹತ್ತು ದಿನದೊಳಗೆ ಬರೆದರೆ ದಂಡದಿಂದ ರಕ್ಷಣೆಯೂ ಇದೆ. ನಾನೇ ನಾಲ್ಕು ಸಲ ಬರೆದಿದ್ದೇನೆ. ಪೈಲಟ್, ಕಂಟ್ರೋಲರ್, ಮೆಕ್ಯಾನಿಕ್ ಎಲ್ಲರೂ ಬರೆಯುತ್ತಾರೆ.

ಹೊಸನಗರ ಮೇಷ್ಟ್ರು

ಎಂಜಿನಿಯರ್ ಮೇಡಂ, ವಿವರಿಸಿದ್ದಕ್ಕೆ ತುಂಬ ಥ್ಯಾಂಕ್ಸ್. ಇದನ್ನೇ ಆವತ್ತು ಕೌಂಟರಿನಲ್ಲಿ ಎರಡು ವಾಕ್ಯದಲ್ಲಿ ಹೇಳಿದ್ದರೆ ನಾನು ಕೂಗಾಡುತ್ತಿರಲಿಲ್ಲ.

ಆದರೂ ಒಂದು ವಿಷಯ ಒಪ್ಪಲು ಕಷ್ಟವಾಗುತ್ತಿದೆ. ಮೂವತ್ತಮೂರು ವರ್ಷ ಮಕ್ಕಳ ನಡುವೆ ಇದ್ದವನು ನಾನು. ಹೇಳಿದರೆ ಶಿಕ್ಷೆ ಇಲ್ಲ ಅಂತಾದರೆ ಕೆಲವರು ಒಡೆದು ಬಂದು ಹೇಳುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಇಲ್ಲಿ ಜನರ ಪ್ರಾಣದ ಪ್ರಶ್ನೆ. ಜವಾಬ್ದಾರಿ ಬೇಡವಾ? 41,000 ಅಡಿಗೆ ಹುಡುಗಾಟಕ್ಕೆ ಏರಿದವರೂ, ಒದ್ದೆ ನೆಲದಲ್ಲಿ ಗಾಡಿ ಜಾರಿದ ಹುಡುಗನೂ ಒಂದೇ ತಕ್ಕಡಿಯಲ್ಲಾ?

ಸಾಗರದಿಂದ ಡಲ್ಲಾಸ್

ಖಂಡಿತ ಒಂದೇ ಅಲ್ಲ ಮೇಷ್ಟ್ರೇ. ಕೈತಪ್ಪಿ ಆದದ್ದು ಬೇರೆ, ಗೊತ್ತಿದ್ದೂ ನಿಯಮ ಮೀರಿದ್ದು ಬೇರೆ. ಎರಡನೆಯದಕ್ಕೆ ಶಿಕ್ಷೆ ಇರಲೇಬೇಕು. ಕುಡಿದು ಬಂದು ಗಾಡಿ ಓಡಿಸಿದವನು "ನಾನೇ ಹೇಳಿದೆನಲ್ಲ" ಅಂದರೆ ಯಾರೂ ಬಿಡುವುದಿಲ್ಲ. ಆದರೆ ನಮ್ಮಲ್ಲಿ ಆಗುತ್ತಿರುವುದು ಉಲ್ಟಾ. ಒಪ್ಪಿಕೊಂಡವನಿಗೆ ಏಟು ಬೀಳುತ್ತದೆ, ಎರಡು ವಾರ ರಬ್ಬರ್ ಕೊಡದವರಿಗೆ ಏನೂ ಇಲ್ಲ.

ಕೋಪೈಲಟ್ ಶಿಕಾರಿಪುರ

ಮೇಷ್ಟ್ರು ಕೇಳಿದ ಪ್ರಶ್ನೆಗೆ ನಮ್ಮ ದೇಶದ್ದೇ ಉದಾಹರಣೆ ಇದೆ. 2018ರ ಅಕ್ಟೋಬರ್ 12, ತಿರುಚಿರಾಪಳ್ಳಿಯಿಂದ ದುಬೈಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. ರಾತ್ರಿ ಮೇಲೇರುವಾಗ ರನ್‌ವೇ ಕೊನೆಯ ಆಂಟೆನಾಕ್ಕೂ ಕಾಂಪೌಂಡ್ ಗೋಡೆಗೂ ತಾಗಿತು. ಎಲ್ಲ ಸರಿ ಇದೆ ಅಂತ ಪೈಲಟ್‌ಗಳು ಹೇಳಿ ಮುಂದೆ ಹೋದರು. ಒಳಗೆ 136 ಜನ. ಕೆಳಗೆ ಗೋಡೆ ಒಡೆದದ್ದು ನೋಡಿದ ಮೇಲೆ ಕರೆಸಿ, ಬೆಳಗಿನ ಜಾವ ಮುಂಬೈನಲ್ಲಿ ಇಳಿಸಿದರು. ಹೊಟ್ಟೆಯ ತಗಡು ಹರಿದಿತ್ತು. ಕಾಕ್‌ಪಿಟ್‌ನ ಮೀಟರುಗಳು ನಾರ್ಮಲ್ ತೋರಿಸುತ್ತಿದ್ದವು ಅನ್ನುವುದು ನಿಜವೇ. ಹರಿದ ತಗಡನ್ನು ತೋರಿಸುವ ಮೀಟರ್ ಯಾವ ಕಾಕ್‌ಪಿಟ್‌ನಲ್ಲೂ ಇಲ್ಲ.

ಇನ್ನೊಂದು ವಿಷಯ ಹಿರಿಯರ ಮುಂದೆ ಹೇಳಬೇಕು ಅಂತ ಬಹಳ ದಿನದಿಂದ ಇದೆ. ನನಗೆ ಹಾರಾಟದ ಅನುಭವ ಇನ್ನೂ ಎರಡು ವರ್ಷದ್ದು. ಟೆಕ್ ಲಾಗ್ ಅಂತ ಒಂದು ಪುಸ್ತಕ ಇರುತ್ತದೆ. ವಿಮಾನದಲ್ಲಿ ಏನೇ ದೋಷ ಕಂಡರೂ, ನಾವು ಸ್ನ್ಯಾಗ್ ಅನ್ನುತ್ತೇವೆ, ಅದರಲ್ಲಿ ಬರೆಯಬೇಕು. ಬರೆದ ಮೇಲೆ ಎಂಜಿನಿಯರ್ ನೋಡಿ ಸಹಿ ಹಾಕುವವರೆಗೆ ವಿಮಾನ ಹಾರುವಂತಿಲ್ಲ. ಸಣ್ಣ ಊರಿನಲ್ಲಿ ಬರೆದರೆ ಎಂಜಿನಿಯರ್, ಸಾಮಾನು ಎಲ್ಲ ಹೊರಗಿನಿಂದ ಬರಬೇಕು. ಹಾಗಾಗಿ ಕೆಲವು ಕ್ಯಾಪ್ಟನ್‌ಗಳು "ಈಗ ಬೇಡ, ಬೇಸ್‌ಗೆ ಹೋಗಿ ಬರೆಯೋಣ" ಅನ್ನುತ್ತಾರೆ, ಬೇಸ್ ಅಂದರೆ ಎಂಜಿನಿಯರ್ ಇರುವ ನಮ್ಮ ಮುಖ್ಯ ನಿಲ್ದಾಣ. ಕಳೆದ ಮಳೆಗಾಲ ನನಗೂ ಒಬ್ಬರು ಹೇಳಿದರು. ಇಳಿಯುವಾಗ ಜೋರಾಗಿ ಕೂತಿತ್ತು. ಟೈರ್ ಚೆನ್ನಾಗಿದೆ, ಏನೂ ಆಗಿಲ್ಲ ಅಂದರು. ನಾನು ಸುಮ್ಮನಿದ್ದೆ. ವಾಪಸ್ ಬರುವ ಅಷ್ಟೂ ಹೊತ್ತು ನನ್ನ ಕಿವಿ ಚಕ್ರದ ಕಡೆಯೇ ಇತ್ತು. ಎಂಜಿನಿಯರ್ ನೋಡಿದಾಗ ಏನೂ ಆಗಿರಲಿಲ್ಲ. ಆದರೆ ನಾನು ಸುಮ್ಮನಿದ್ದೆ ಅನ್ನುವುದು ಹೋಗುತ್ತಿಲ್ಲ.

ಮಂಗಳೂರಿನ 2010ರ ಮೇ 22ರ ವಿಮಾನ ದುರಂತವನ್ನು ನಮ್ಮ ಕಡೆಯವರು ಮರೆಯುವುದುಂಟಾ. 158 ಜನ ಹೋದರು. ಇಳಿಯಬೇಡಿ, ಮೇಲೇರಿ ಅಂತ ಕೋಪೈಲಟ್ ಹೇಳಿದ್ದು ಧ್ವನಿ ದಾಖಲೆಯಲ್ಲಿದೆ. ಅವರು ಹೇಳಿದ್ದರು. ನಾನು ಅಷ್ಟೂ ಮಾಡಲಿಲ್ಲ.

ತೀರ್ಥಹಳ್ಳಿ ಪೈಲಟ್

ತಮ್ಮ, ನೀನು ಇದನ್ನು ಬರೆದದ್ದು ದೊಡ್ಡದು. "ಬೇಸ್‌ಗೆ ಹೋಗಿ ಬರೆಯೋಣ" ಅನ್ನುವ ಮಾತನ್ನು ನಾನೂ ಕೇಳಿದ್ದೇನೆ. ಹೊಸ ಕ್ಯಾಪ್ಟನ್ ಆಗಿದ್ದಾಗ ಒಂದೆರಡು ಸಲ ನಾನೂ ಹೇಳಿದ್ದೇನೆ. ದೀಪ ಕೆಟ್ಟಿದೆ, ಸೀಟಿನ ಪಟ್ಟಿ ಸಡಿಲ ಇದೆ, ಇಂಥವು. ಅಲ್ಲಿಂದಲೇ ಶುರುವಾಗುವುದು. ಇವತ್ತು ದೀಪ, ನಾಳೆ ಜೋರಾಗಿ ಕೂತದ್ದು.

ಊರಿನವರಿಗೆ ಇದು ಗೊತ್ತಿರಲಿ ಅಂತ ಬಿಡಿಸಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಸ್ನ್ಯಾಗ್ ಬರೆದರೆ ಅಲ್ಲೇ ಎಂಜಿನಿಯರ್, ಅಲ್ಲೇ ಸಾಮಾನು, ಬೇಕಾದರೆ ಬೇರೆ ವಿಮಾನ. ನಮ್ಮ ಸೋಗಾನೆಯಂಥ ಕಡೆ ಬರೆದರೆ ವಿಮಾನ ಅಲ್ಲೇ ನಿಲ್ಲುತ್ತದೆ. ಅದು ಮುಂದೆ ಹೋಗಬೇಕಿದ್ದ ಮೂರು ಊರಿನ ಜನವೂ ನಿಲ್ಲುತ್ತಾರೆ. ಮೋಡ ಕವಿದು ಅದೇ ವಾರ ಎರಡು ಹಾರಾಟ ಆಗಲೇ ರದ್ದಾಗಿದ್ದರೆ ಪೆನ್ನು ಇನ್ನೂ ಭಾರ. ಯಾರೂ ಬರೆಯಬೇಡ ಅನ್ನುವುದಿಲ್ಲ. ಫೋನಿನಲ್ಲಿ "ಖಚಿತಾನಾ ಕ್ಯಾಪ್ಟನ್? ಇನ್ನೊಂದು ಸಲ ನೋಡ್ತೀರಾ?" ಅಂತಾರೆ, ಅಷ್ಟೇ. ಆ ಪ್ರಶ್ನೆಯ ಅರ್ಥ ಕೇಳುವವರಿಗೂ ಗೊತ್ತು, ನಮಗೂ ಗೊತ್ತು. ವಿಮಾನ ಎಷ್ಟು ಜೋರಾಗಿ ಕೂತಿತು ಅಂತ ಅದರ ರೆಕಾರ್ಡರಿನಲ್ಲಿ ದಾಖಲಾಗುತ್ತದೆ. ಆದರೆ ಆ ದಾಖಲೆಯನ್ನು ತೆಗೆದು ನೋಡುವಷ್ಟರಲ್ಲಿ ಅದೇ ವಿಮಾನ ಇನ್ನೂ ನಾಲ್ಕು ಸಲ ಹಾರಿರಬಹುದು.

ಭದ್ರಾವತಿ ಹ್ಯಾಂಗರ್

ನಾವು ಎಂಜಿನಿಯರ್‌ಗಳು ಹೊರಗೆ ನಿಂತು ನೋಡುವುದು ಬೇಡ. ಜಪಾನ್ ಏರ್‌ಲೈನ್ಸ್ 123, 1985ರ ಆಗಸ್ಟ್ 12, ವಿಮಾನ ಬಿದ್ದು 520 ಜನ ಹೋದರು. ಏಳು ವರ್ಷ ಮುಂಚೆ ಬಾಲ ನೆಲಕ್ಕೆ ಉಜ್ಜಿತ್ತು. ಅದನ್ನು ಯಾರೂ ಮುಚ್ಚಿಡಲಿಲ್ಲ. ಆದರೆ ರಿಪೇರಿ ಮಾಡಿದವರು ಎರಡು ಸಾಲು ರಿವೆಟ್ ಭಾರ ಹೊರಬೇಕಾದ ಕಡೆ ಒಂದೇ ಸಾಲು ಹೊರುವಂತೆ ಜೋಡಿಸಿದರು. ಚೈನಾ ಏರ್‌ಲೈನ್ಸ್ 611 ಇನ್ನೂ ಸಂಕಟ. 1980ರಲ್ಲಿ ಬಾಲ ಉಜ್ಜಿದ್ದು, ಗೀರಿದ ತಗಡನ್ನು ಸರಿಯಾಗಿ ತೆಗೆಯದೆ ಮೇಲೆ ಪಟ್ಟಿ ಹೊಡೆದರು. 22 ವರ್ಷದ ಮೇಲೆ, 2002ರ ಮೇ 25ರಂದು ವಿಮಾನ ಆಕಾಶದಲ್ಲೇ ಚೂರಾಯಿತು, 225 ಜನ ಹೋದರು. ಆ ಪಟ್ಟಿಯ ಹತ್ತಿರ ಕಂದು ಕಲೆಗಳಿದ್ದವು. ಒಳಗೆ ಸಿಗರೇಟ್ ಸೇದಲು ಬಿಡುತ್ತಿದ್ದ ಕಾಲದ ಹೊಗೆ ಸಂದಿಯಿಂದ ಹೊರಗೆ ಸೋರಿ ಕೂತಿದ್ದು. ತಪಾಸಣೆಯ ಫೋಟೋದಲ್ಲೂ ಕಲೆ ಇದೆ. ಅದೇನು ಅಂತ ಯಾರೂ ನಿಂತು ಕೇಳಲಿಲ್ಲ. ಈ ಭಾಗ ಬರೆಯುವಾಗ ಇವತ್ತಿಗೂ ಕೈ ನಿಲ್ಲುತ್ತದೆ.

ಈಗ ಹೊಸ ತರಹದ ಕಾರ್ಬನ್ ಫೈಬರ್ ಭಾಗಗಳು ಜಾಸ್ತಿ ಆಗುತ್ತಿವೆ. ಅದರಲ್ಲಿ ಗಾಡಿ ಗುದ್ದಿದರೂ ಕೆಲವು ಸಲ ಮೇಲೆ ಬಣ್ಣ ಕೆಟ್ಟಿರುವುದಿಲ್ಲ, ಒಳಗೆ ಪದರ ಬಿಟ್ಟಿರುತ್ತದೆ. ನನ್ನ ಟಾರ್ಚಿಗೆ ಕಾಣುವುದಿಲ್ಲ. ತಾಗಿಸಿದವನು ಬಾಯಿ ಬಿಟ್ಟರೆ ಮಾತ್ರ ಗೊತ್ತಾಗುತ್ತದೆ. ಆ ಹುಡುಗರು ನನಗೆ ಯಂತ್ರಕ್ಕಿಂತ ಮುಖ್ಯ.

ಕೊಪ್ಪದ ತೋಟ

ವಿಮಾನದ ಬಗ್ಗೆ ನನಗೆ ಗೊತ್ತಿಲ್ಲ. ನಮ್ಮದು ಅಡಿಕೆ ತೋಟ. ಆದರೆ ಇದನ್ನೆಲ್ಲ ಓದುತ್ತ ಅಪ್ಪನ ನೆನಪಾಯಿತು.

ಅಡಿಕೆ ಕೊನೆ ತೆಗೆಯುವವರು ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುವುದನ್ನು ನೀವೆಲ್ಲ ನೋಡಿದ್ದೀರಿ. ನಮ್ಮಲ್ಲಿ ವರ್ಷಾನುಗಟ್ಟಲೆ ಬರುತ್ತಿದ್ದ ಕೊನೆಗಾರ ಒಂದು ದಿನ ನಾಲ್ಕು ಮರ ಬಿಟ್ಟು ಕೆಳಗಿಳಿದ. "ಅಯ್ಯಾ, ಈ ಸಾಲಿನ ಮರ ಸರಿ ಇಲ್ಲ, ಬುಡ ಟೊಳ್ಳಾದ ಹಾಗಿದೆ" ಅಂದ. ಅಪ್ಪ ಮೈಗಳ್ಳತನ ಅಂತ ಬೈದರು. ಆವತ್ತಿನ ಕೂಲಿ ಹಿಡಿದರು. ಆಮೇಲೆ ಅವನು ಯಾವ ಮರದ ಬಗ್ಗೆಯೂ ಏನೂ ಹೇಳಲಿಲ್ಲ. ಅನುಮಾನ ಬಂದ ಮರವನ್ನು ಮಾತಿಲ್ಲದೆ ಬಿಟ್ಟು ಮುಂದೆ ಹೋಗುತ್ತಿದ್ದ. ಎರಡು ವರ್ಷದ ಮೇಲೆ ಅವನ ಜೊತೆ ಬಂದ ಹೊಸ ಹುಡುಗ ಅಂಥದ್ದೇ ಮರ ಹತ್ತಿದ. ಅರ್ಧಕ್ಕೆ ಮುರಿಯಿತು. ಹುಡುಗ ಉಳಿದ, ಸೊಂಟ ಉಳಿಯಲಿಲ್ಲ. ಅಪ್ಪ ಕೊನೆಯವರೆಗೂ ಆ ಮನೆಗೆ ಅಕ್ಕಿ ಕಳಿಸಿದರು. ಆದರೆ ಬೈದ ದಿನವನ್ನು ವಾಪಸ್ ತರಲಾಗಲಿಲ್ಲ.

ಹೊಸನಗರ ಮೇಷ್ಟ್ರು

ತೋಟದವರೇ, ನೀವು ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ನನ್ನ ವಾದವನ್ನು ಪೂರ್ತಿ ಬಿಡುವುದಿಲ್ಲ, ಬೇಜವಾಬ್ದಾರಿಗೆ ಶಿಕ್ಷೆ ಬೇಕು. ಆದರೆ ಮುಂದಿನ ಸಲ ಸೋಗಾನೆಯಲ್ಲಿ ಹಾರಾಟ ರದ್ದಾದರೆ ನಾನು ಕೂಗುವುದಿಲ್ಲ. ಕಾರಣ ಮಾತ್ರ ಕೇಳಿಯೇ ಕೇಳುತ್ತೇನೆ. ಅದನ್ನು ಹೇಳುವುದು ನಿಮ್ಮವರ ಕರ್ತವ್ಯ.

ತೀರ್ಥಹಳ್ಳಿ ಪೈಲಟ್

ಖಂಡಿತ ಕೇಳಿ ಮೇಷ್ಟ್ರೇ. ನಾನು ಕ್ಯಾಪ್ಟನ್ ಆಗಿದ್ದಾಗ ತಡವಾದರೆ ಈಗ ಮೈಕಿನಲ್ಲಿ ನಾನೇ ಹೇಳುತ್ತೇನೆ. ಎಲ್ಲಿ ತಗ್ಗು ಸಿಕ್ಕಿದೆ, ಯಾರು ನೋಡುತ್ತಿದ್ದಾರೆ, ಎಷ್ಟು ಹೊತ್ತಾಗಬಹುದು ಅಂತ. ಜನ ಹೆದರುತ್ತಾರೆ ಅಂತ ಮೊದಲು ಅಂದುಕೊಂಡಿದ್ದೆ. ಸುಮ್ಮನೆ ಕೂರಿಸಿದಾಗಲೇ ಜನ ಜಾಸ್ತಿ ಹೆದರುವುದು.

ರ‍್ಯಾಂಪ್ ಹುಡುಗನ ಪ್ರಶ್ನೆ ಮೂರು ದಿನ ನಿದ್ದೆ ಕೊಡಲಿಲ್ಲ. ನಿನ್ನೆ ಆ ನಿಲ್ದಾಣದ ಹಳೆಯ ಸೂಪರ್‌ವೈಸರ್ ಒಬ್ಬರನ್ನು ಹುಡುಕಿ ನಂಬರ್ ತೆಗೆದುಕೊಂಡೆ. ಫೋನ್ ಮಾಡಿದೆ. ಅವನಿಗೆ ಮೊದಲು ನನ್ನ ಗುರುತು ಸಿಗಲಿಲ್ಲ. ಟಾರ್ಚ್, ಮಳೆ, ಬೆಲ್ಟ್ ಲೋಡರ್ ಅಂದ ಮೇಲೆ ನೆನಪಾಯಿತು. ಈಗ ಗೂಡ್ಸ್ ಆಟೋ ಓಡಿಸುತ್ತಾನಂತೆ. ಎರಡು ಮಕ್ಕಳು. ನಿನ್ನ ಹೆಸರು ಬರೆದದ್ದು ನಾನು, ಕ್ಷಮಿಸು ಅಂದೆ. ಅದಕ್ಕೆ ಅವನು ಏನೂ ಅನ್ನಲಿಲ್ಲ. ಸ್ವಲ್ಪ ತಡೆದು ಕೇಳಿದ್ದು ಇಷ್ಟೇ: "ಸರ್, ಅದು ನಿಜವಾಗಲೂ ಏನಾದರೂ ಆಗಿತ್ತಾ? ಬರೀ ಗೀರಾ?"

ಹತ್ತು ವರ್ಷದಿಂದ ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ಗೀರಿಗೆ ಕೆಲಸ ಕಳೆದುಕೊಂಡೆ ಅಂತಲೇ ಅಂದುಕೊಂಡಿದ್ದ. ಒಳಗೆ ಸ್ಟ್ರಿಂಗರ್ ಬಿರುಕು ಬಿಟ್ಟಿತ್ತು, ನೀನು ಹೇಳಿದ್ದರಿಂದಲೇ ಆ ಜಾಗ ಬಿಚ್ಚಿ ನೋಡಿದರು ಅಂತ ಹೇಳಿದೆ. ಆ ಕಡೆಯಿಂದ ಮಾತಿಲ್ಲ. ಆಟೋದ ಎಂಜಿನ್ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಎಂಜಿನ್ ಆಫ್ ಮಾಡಿದ. "ಇನ್ನೊಂದು ಸಲ ಹೇಳಿ ಸರ್" ಅಂದ.

ರ‍್ಯಾಂಪ್ ಹುಡುಗ

ಸರ್, ಓದಿದೆ. ನಮ್ಮ ಕಡೆ ಎರಡು ಜಾಗ ಖಾಲಿ ಇವೆ, ಗಾಡಿ ಓಡಿಸಲು ಬರುವವರು ಬೇಕು. ಅವರು ಇಷ್ಟು ದೂರ ಬರುತ್ತಾರಾ ಅಂತ ಕೇಳಿ ನೋಡಿ. ಏಣಿಗೆ ರಬ್ಬರ್ ಈಗ ಹಾಕಿದ್ದಾರೆ.